ಮಾಸ್ತಮ್ಮನ ಎಲೆ

ಮಂಕಿಯ ಅಂಗನವಾಡಿ ಟೀಚರ್ ಕವಿತಾ ತನ್ನ ಇಪ್ಪತ್ತು ಮಕ್ಕಳಲ್ಲಿ ಯಾರಿಗೆ ಬೇಳೆ ಸೇರುವುದಿಲ್ಲ, ಯಾರಿಗೆ ಮೊಟ್ಟೆಯ ಹಳದಿ ಬೇಡ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದ ಅತ್ತೆ ಮಾಸ್ತಮ್ಮನಿಗೆ ಎಂತ ಸೇರುತ್ತಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ತಿಳಿದದ್ದೂ ಈ ಸಲದ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನವೇ.

"ಅಮ್ಮಾ, ನಾಳೆ ಅಜ್ಜಿಗೆ ಬೇರೆ ಎಲೆ ಹಾಕ್ವ. ಅದಕ್ಕೆ ಎಂತ ಇಷ್ಟ ಇತ್ತು?" ಐದನೇ ಕ್ಲಾಸಿನ ಮಗಳು ಸೌಜನ್ಯಾ ಕೇಳಿದಳು.

"ನಾ ಮಾಡಿದ್ದೆಲ್ಲ ಉಣ್ತಿತ್ತು."

"ಅದು ಇಷ್ಟ ಅಲ್ಲ, ಊಟ."

ಆ ಮನೆಯಲ್ಲಿ ಅಮಾವಾಸ್ಯೆಗೆ ತೀರಿಹೋದ ಒಬ್ಬೊಬ್ಬ ಹಿರಿಯರಿಗೂ ಒಂದೊಂದು ಬಾಳೆಎಲೆ. ಅನ್ನ, ಸಾರಿನ ಜೊತೆ ಅವರವರಿಗೆ ಸೇರುವುದೊಂದು ಬಡಿಸಬೇಕು. ಕುಪ್ಪಜ್ಜನಿಗೆ ಸುಟ್ಟ ಒಣಮೀನು, ಅವನ ತಂಗಿಗೆ ಬೆಲ್ಲದವಲಕ್ಕಿ. "ಇವ ಖಾರ ಇಲ್ಲದಿದ್ರೆ ಎಲೆ ಬಿಟ್ಟು ಏಳುವವನೇ," ಎನ್ನುತ್ತ ಮಾಸ್ತಮ್ಮ ಬಗ್ಗಿ ಬಗ್ಗಿ ಬಡಿಸುವಾಗ ಪುಟ್ಟ ಸೌಜನ್ಯಾ ಅವಳ ಸೆರಗು ಹಿಡಿದು ಹಿಂದೆಯೇ ಹೋಗುತ್ತಿದ್ದಳು. ಮುಖ ಕಾಣದ ಹಿರಿಯರು ಅವಳಿಗೆ ಪರಿಚಯವಾದದ್ದು ಹಾಗೆ.

ನಾಲ್ಕು ವರ್ಷದ ಹಿಂದೆ ಆ ಒಂಬತ್ತು ಎಲೆಗಳನ್ನು ಒಂದಕ್ಕೆ ಇಳಿಸಿದವಳು ಕವಿತಾ. ಮರುದಿನ ಹೊನ್ನಾವರದಲ್ಲಿ ಮೀಟಿಂಗ್ ಇತ್ತು, ಬರೆಯಲು ರಿಜಿಸ್ಟರಿನ ರಾಶಿ ಇತ್ತು. "ಎಲ್ಲ ಒಂದೇ ಮನೆಯವ್ರಲ್ವಾ ಅತ್ತೆ, ಒಂದೇ ಎಲೆ ಸಾಕು," ಅಂದಿದ್ದಳು. ಮಾಸ್ತಮ್ಮ "ಆತು" ಎಂದು, ಕೊಯ್ದು ತಂದಿದ್ದ ಎಲೆಗಳನ್ನು ದನದ ಮುಂದೆ ಹಾಕಿದಳು. ಎರಡು ವರ್ಷ ಕಳೆದು ಅವಳೂ ಹೋದಳು.

ಆ "ಆತು" ಈಗ ಕವಿತಾಳಿಗೆ ಮತ್ತೆ ಕೇಳಿಸಿತು. ಬಸಳೆ ಚಪ್ಪರ ಕಟ್ಟುತ್ತಿದ್ದ ಗಂಡ ವಿನೋದನನ್ನು ಕೇಳಿದರೆ, "ಅವ್ವಿ ನಮ್ಮ ಸಂಗಡ ಕೂತು ಉಂಡದ್ದೇ ನಾ ಕಾಣೆ," ಅಂದ. ಕೊನೆಗೆ ಧಾರೇಶ್ವರಕ್ಕೆ ಮದುವೆಯಾಗಿ ಹೋಗಿದ್ದ ಅವನ ಅಕ್ಕ ಲಕ್ಷ್ಮಿಗೆ ಫೋನ್ ಮಾಡಿದಳು.

"ಈಗ ನೆನಪಾಯ್ತಾ ಟೀಚರಿಗೆ?" ಲಕ್ಷ್ಮಿ ಚುಚ್ಚದೆ ಬಿಡಲಿಲ್ಲ. "ಹಲಸಿನ ಬೀಜ. ಒಲೆಯ ಬೂದಿಯಲ್ಲಿ ಸುಟ್ಟದ್ದು. ಕೆಡದ ಹಾಗೆ ಕೆಮ್ಮಣ್ಣು ಮೆತ್ತಿ ಬುಟ್ಟಿಲಿ ಇಡ್ತಿತ್ತಲ್ಲ, ನೀ ಕಂಡಿಲ್ವಾ?"

ಕಂಡಿದ್ದಳು. ಗ್ಯಾಸ್ ಬಂದ ವರ್ಷ ಒಲೆ ಕೀಳಿಸಿದವಳು ಅವಳೇ. ಹುಳ ಆಗ್ತದೆ ಎಂದು ಆ ಬುಟ್ಟಿಯನ್ನು ಗೊಬ್ಬರಗುಂಡಿಗೆ ಸುರಿದವಳೂ ಅವಳೇ. ಆಗಲೂ ಅತ್ತೆ "ಆತು" ಅಂದಿದ್ದಳು.

"ಒಲೆ ಇಲ್ಲ ಅತ್ತಿಗೆ." ಎಂದಳು ಕವಿತಾ.

ಲಕ್ಷ್ಮಿಯ ದನಿ ಇಳಿಯಿತು. "ಬೀಜ ನನ್ನ ಹತ್ರ ಉಂಟು. ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೆ. ಅಂಗಳದಲ್ಲಿ ಒಲೆಗೆ ಮೂರು ಕಲ್ಲು ಹೂಡಿಡು. ಫೋನು ಹುಡುಗಿಗೆ ಕೊಡು."

ಸೌಜನ್ಯಾ ನೋಟ್‌ಬುಕ್ ಹಿಡಿದು ಕೂತಳು. "ಲಕ್ಷ್ಮತ್ತೆ, ಉಳಿದವ್ರದ್ದೂ ಹೇಳು, ಬರ್ಕೊಳ್ತೆ." ಕವಿತಾ ಅಂಗಳಕ್ಕಿಳಿದು ಕಲ್ಲು ಹುಡುಕತೊಡಗಿದಳು. ಒಳಗಿಂದ ಮಗಳ ದನಿ ಕೇಳುತ್ತಲೇ ಇತ್ತು. ಆರು ಎಲೆಯ ತನಕ ಸಲೀಸಾಗಿ ಬಂತು.

"ಏಳನೆಯವ್ರಿಗೆ? ನಿಂಗೂ ಗೊತ್ತಿಲ್ವಾ? ಅಜ್ಜಿಗೆ ಮಾತ್ರ ಗೊತ್ತಿತ್ತಾ?" ಆಮೇಲೆ ಪೆನ್ಸಿಲ್ ಕೆಳಗಿಟ್ಟ ಸದ್ದು. "ಆತು. ಆ ಎಲೆಗೆ ಬರೀ ಅನ್ನ."

ಮೂರನೆಯ ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಕವಿತಾ ಅಂಗಳದಲ್ಲಿ ನಿಂತಳು.