ಎದುರುಗಾಳಿಯ ಹೊನ್ನೂರಸ್ವಾಮಿ

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ ಹೊನ್ನೂರಸ್ವಾಮಿಗೆ ಎಪ್ಪತ್ತೆರಡು ವರ್ಷ. ಕೆಲಸವಿಲ್ಲದೆ ಸೈಕಲ್ ತುಳಿಯುವುದೇ ಈಗ ಅವರ ಕೆಲಸ. ದಿನಾ ಬೆಳಿಗ್ಗೆ ದೇವಸಮುದ್ರದ ದಾರಿ ಹಿಡಿದು ಹೋಗುತ್ತಾರೆ, ಎಲ್ಲಾದರೂ ಒಂದು ಲೋಟ ಟೀ ಕುಡಿದು ವಾಪಸ್ಸು ಬರುತ್ತಾರೆ. "ಏನ್ ಕೆಲ್ಸ ಇತ್ತು ಸ್ವಾಮಣ್ಣ?" ಎಂದು ಯಾರಾದರೂ ಕೇಳಿದರೆ, "ಕೆಲ್ಸ ಇದ್ದಿದ್ರೆ ಬಸ್ಸಿಗೆ ಬರ್ತಿದ್ದೆ ಕಣಪ್ಪ" ಎನ್ನುತ್ತಾರೆ. ಮಳೆಗೆ ತಲೆಯ ಮೇಲೊಂದು ಪ್ಲಾಸ್ಟಿಕ್ ಚೀಲ, ಬಿಸಿಲಿಗೆ ಒದ್ದೆ ಟವೆಲ್ಲು. ಆಷಾಢದ ಗಾಳಿ ಮೇಕೆಮರಿಯನ್ನೂ ಹಾರಿಸಿಕೊಂಡು ಹೋಗುವಂತೆ ಬೀಸಿದರೂ, ಅದನ್ನು ಬೈದುಕೊಂಡೇ ಮುಂದೆ ಸಾಗುತ್ತಾರೆ. ಮೂರು ವರ್ಷದ ಹಿಂದೆ ಬಂದ ನಡುಕದ ಕಾಯಿಲೆ ಮಗ್ಗವನ್ನು ಬಿಡಿಸಿತು. ನಡೆಯಹೋದರೆ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಸೈಕಲ್ಲನ್ನು ಮಾತ್ರ ಅವರು ಬಿಡಲಿಲ್ಲ. "ನೆಟ್ಟಗೆ ನಾಕು ಹೆಜ್ಜೆ ಇಡಾಕಾಗಲ್ಲ, ನಿಮಗೆ ಸೈಕಲ್ ಬ್ಯಾರೆ ಕೇಡು!" ಎಂದು ಹೆಂಡತಿ ರಾಧಮ್ಮ ದಿನವೂ ಬೈಯುತ್ತಿದ್ದರು. ಕಳೆದ ವಾರ ಆಕೆ ಬಸ್ಸಿನಲ್ಲಿ ದೇವಸಮುದ್ರಕ್ಕೆ ಹೊರಟಾಗ ಕಿಟಕಿಯಾಚೆ ಗಂಡ ಕಂಡರು. ಬಚ್ಚಲಿಗೆ ಹೋಗಲೂ ತನ್ನ ತೋಳು ಹಿಡಿಯುವ ಆ ಮನುಷ್ಯನ ಕಾಲುಗಳು ಒಮ್ಮೆಯೂ ತಡವರಿಸದೆ ಪೆಡಲ್ ತುಳಿಯುತ್ತಿದ್ದವು, ಮುಖದ ತುಂಬ ನಗುವಿತ್ತು. ಬಸ್ಸು ದಾಟಿಹೋದ ಮೇಲೂ ರಾಧಮ್ಮ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ತಾವೇ ಸೈಕಲ್ಲನ್ನು ಹೊರಗೆ ತಂದು, ಅವರು ಹತ್ತಿ ಕೂರುವವರೆಗೂ ಅಲ್ಲಾಡದಂತೆ ಗಟ್ಟಿಯಾಗಿ ಹಿಡಿದು ನಿಂತರು. "ಗಾಳಿ ಜೋರೈತೆ," ಎಂದರು, "ನಿಧಾನಕ್ಕೆ ಬರ್ರಿ, ಅವಸರ ಏನಿಲ್ಲ."