ಗುಡ್ಡದ ಮುಂದೆ ನಿಂತ ವಿಮಾನ

ಆಗೆಲ್ಲ ದಾಂಡೇಲಿಯ ನಮ್ಮ ಓಣಿಗೆ ಬೆಳಗಾಗುತ್ತಿದ್ದುದು ಕಾಗದದ ಮಿಲ್ಲಿನ ಭೋಂಗಾ ಕೂಗಿದ ಮೇಲೆಯೇ. ಅದು ಕೂಗಿದರೆ ಅವ್ವ ಚಹಾಕ್ಕೆ ಇಡುವಳು, ಕಾಕಾ ಸೈಕಲ್ಲಿನ ಗಾಳಿ ಒತ್ತಿ ನೋಡಿ ಪಾಳಿಗೆ ಹೊರಡುವನು, ಅಜ್ಜಿ ಕಸಬರಿಗೆ ಹಿಡಿಯುವಳು. ಆ ದಿನ ಮಾತ್ರ ಅಜ್ಜಿ ಕಸಬರಿಗೆಯನ್ನು ಬಾಗಿಲ ಹಿಂದೆ ಸರಿಸಿಟ್ಟಳು.

"ಇವತ್ತ ಯಾರೂ ಕಸಾ ಹೊಡೀಬ್ಯಾಡ್ರಿ. ಅಂವ ಮುಟ್ಟಿದ ಸುದ್ದಿ ಬರ್ಲಿ."

ಅಂವ ಎಂದರೆ ನನ್ನ ಅಪ್ಪ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪನನ್ನು ನೇಪಾಳದ ಒಂದು ಕಾರ್ಖಾನೆಗೆ ಯಂತ್ರ ಕೂಡಿಸಲು ಕಳಿಸಿದ್ದರು. ದಿಲ್ಲಿಯವರೆಗೆ ರೈಲು. ಅಲ್ಲಿಂದ ಕಠ್ಮಂಡುವಿಗೆ ಅಂದು ವಿಮಾನ. ಊರಿಗೆ ಹೋದವರು ಮುಟ್ಟುವ ತನಕ ಮನೆ ಗುಡಿಸಬಾರದೆಂದು ನಮ್ಮಲ್ಲಿ ರೂಢಿ.

"ಅವರು ಮನಿ ಬಿಟ್ಟು ಭಾಳ ದಿನಾ ಆತಲ್ರಿ ಅತ್ತಿ," ಎಂದಳು ಅವ್ವ.

"ರೈಲಿನ್ಯಾಗ ಹೋಗೂದು ಒಂದು ಹೋಗೂದೇನ? ಗಾಲಿ ನೆಲದ ಮ್ಯಾಲ ಇರತಾವ. ಇವತ್ತ ನನ್ನ ಮಗಾ ನೆಲಾ ಬಿಡತಾನ."

ನನಗೆ ಕ್ರಿಸ್‌ಮಸ್ ರಜೆ. ಕಾಕಾನ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವಿತ್ತು. ಹಿಂದಿನ ಸಂಜೆ ಅವನು ಕಠ್ಮಂಡುವನ್ನೇ ತೆರೆದು ತೋರಿಸಿದ್ದ. "ಈ ಗುಡ್ಡ ದಾಟೂತನಾ ಮ್ಯಾಲ ಇರಬೇಕು. ದಾಟಿದ ಕೂಡ್ಲೆ ಪಾವಟಿಗಿ ಇಳಿದಂಗ ಸರಸರ ಇಳೀಬೇಕು. ಅವಸರ ಮಾಡಿದ್ರ ಗುಡ್ಡ, ತಡಾ ಮಾಡಿದ್ರ ರನ್‌ವೇ ಮುಗೀತೈತಿ." ಹೀಗೆ ಹೇಳಿದ ಕಾಕಾನೇ ವಿಮಾನವನ್ನು ಗುಡ್ಡಕ್ಕೆ ಡಿಕ್ಕಿ ಹೊಡೆಸಿ ಗೊಳ್ಳೆಂದು ನಕ್ಕಿದ್ದ. ನನಗೆ ನಗು ಬರಲಿಲ್ಲ.

ಆ ಬೆಳಿಗ್ಗೆ ಅವನು ಪಾಳಿಗೆ ಹೋದ ಮೇಲೆ ನಾನು ಕಂಪ್ಯೂಟರಿನ ಮುಂದೆ ಕೂತೆ. ಒಂದೇ ಒಂದು ಸಲ ನಾನು ಸರಿಯಾಗಿ ಇಳಿಸಿದರೆ ಅಪ್ಪನೂ ಇಳಿಯುತ್ತಾನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಶಾಲೆಯಲ್ಲಿ ಸಿಸ್ಟರ್ ಕಲಿಸಿದ ಪ್ರಾರ್ಥನೆಯನ್ನೂ ಅಜ್ಜಿಯ ಶ್ಲೋಕವನ್ನೂ ಬೆನ್ನುಬೆನ್ನಿಗೆ ಹೇಳಿದೆ. ವಿಮಾನ ಗುಡ್ಡಕ್ಕೆ ಬಡಿಯಿತು. ಮಡಿಲಲ್ಲಿದ್ದ ಚುರುಮುರಿ ನೆಲಕ್ಕೆ ಚೆಲ್ಲಿತು.

ಮತ್ತೆ ಹಾರಿಸಿದೆ. ಸಾಂಬ್ರಾಣಿ ಊರಿನ ಅತ್ತೆಯ ಮನೆಯ ದಾರಿಯಲ್ಲಿ ಕಾಣುವ ಹಸಿರು ಗುಡ್ಡಗಳಲ್ಲ ಇವು, ಬೋಳು, ಚೂಪು. ವಿಮಾನ ಇಂಗ್ಲಿಷಿನಲ್ಲಿ ಕೂಗತೊಡಗಿತು.

"ಯಾಂವ ಅಂವಾ, ಹಂಗ್ಯಾಕ ಒದರಾಕತ್ತಾನ?" ಎಂದಳು ಅಜ್ಜಿ.

"ಮುಂದ ಗುಡ್ಡ ಐತಿ, ಮ್ಯಾಲೆತ್ತು ಅಂತಾನಜ್ಜಿ."

"ಮತ್ತ ಎತ್ತವಾ! ಅಷ್ಟು ಹೇಳಾಕತ್ತಾನ, ಕಿವಿ ಇಲ್ಲೇನು ನಿನಗ?"

ನನ್ನ ಬೆರಳು 'ಪಿ' ಒತ್ತಿಬಿಟ್ಟಿತು. ಅದನ್ನೊತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ. ವಿಮಾನ ಗುಡ್ಡದ ಎದುರಿಗೇ ಗಾಳಿಯಲ್ಲಿ ನಿಂತಿತು. ಇಳಿದಿಲ್ಲ, ನಿಜ. ಆದರೆ ಬಿದ್ದೂ ಇಲ್ಲ. ಸುದ್ದಿ ಬರುವ ತನಕ ಹೀಗೇ ಹಿಡಿದಿಡಬೇಕು ಎಂದುಕೊಂಡೆ.

ಓಣಿಯಲ್ಲಿ ಫೋನ್ ಇದ್ದದ್ದು ಪಕ್ಕದ ಮನೆಯ ಶಾಂತಕ್ಕನಲ್ಲಿ. ಅಪ್ಪ ಅಲ್ಲಿಗೇ ಫೋನ್ ಮಾಡಬೇಕು. ಕೇಳಿ ಬರಲೇ ಎಂದು ಅವ್ವ ಎದ್ದರೆ ಅಜ್ಜಿ ಬಿಡಲಿಲ್ಲ: "ಸುದ್ದಿ ತಾನಾಗೇ ಬರಬೇಕು. ಕರೆಯಾಕ ಹೋದ್ರ ಎಂಥಾದ್ದು ಬರತೈತೋ!"

ಮಧ್ಯಾಹ್ನ ಅವ್ವ ರೊಟ್ಟಿ, ಝುಣಕದ ತಟ್ಟೆ ತಂದಳು. ಕಂಪ್ಯೂಟರಿನ ತಲೆ ಮುಟ್ಟಿ, "ಎಷ್ಟು ಕಾದೈತಿ, ಆರಿಸವಾ," ಎಂದಳು.

"ಬ್ಯಾಡವ್ವಾ. ಇದರಾಗ ಅಪ್ಪಾ ಅದಾನ."

ಅವ್ವ ಬೈಯಲಿಲ್ಲ. ನನ್ನ ಹಿಂದೆಯೇ ಕೂತಳು. ಅವಳು ಬಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದ ಸಣ್ಣ ಸದ್ದು ಕೇಳುತ್ತಿತ್ತು. ಆಗ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಹೊತ್ತು ಇಳಿಯುವಾಗ ಕರೆಂಟು ಹೋಯಿತು. ಗುಡ್ಡವೂ ವಿಮಾನವೂ ಒಟ್ಟಿಗೇ ಆರಿದವು. ಕಪ್ಪು ಗಾಜಿನಲ್ಲಿ ಉಳಿದದ್ದು ನನ್ನ ಮುಖ, ಅದರ ಹಿಂದೆ ಅವ್ವನ ಮುಖ.

"ಹಾಳಾದ್ದು, ಗಣೇಶಗುಡಿ ಡ್ಯಾಮಿನ್ಯಾಗ ಹುಟ್ಟತೈತಿ, ನಮ್ಮ ಮನಿಗೆ ಬಂದು ಸಾಯ್..." ಎಂದ ಅಜ್ಜಿ ನಾಲಿಗೆ ಕಚ್ಚಿಕೊಂಡಳು. ಗುಡಿಸದ ನೆಲದಲ್ಲಿ ಚುರುಮುರಿಯ ಕಾಳುಗಳು ಕಾಲಿಗೆ ಅಂಟುತ್ತಿದ್ದವು.

ಈಗ ನನ್ನ ಯಜಮಾನರು ವಿಮಾನ ಹತ್ತಿದರೆ ಅದು ನನ್ನ ಮೊಬೈಲಿನಲ್ಲಿ ಚುಕ್ಕಿಯಾಗಿ ಸರಿಯುತ್ತದೆ. ಒಲೆಯ ಮುಂದೆ ನಿಂತೂ ನೋಡುತ್ತೇನೆ. ಹೆದರಿಕೆ ಅಂದಿನಷ್ಟೇ ಇದೆ. ಬೆರಳಿಟ್ಟು ವಿಮಾನವನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಬಲ್ಲೆ ಎಂಬ ನಂಬಿಕೆ ಮಾತ್ರ ಹೋಯಿತು. ಬೆನ್ನ ಹಿಂದೆ ಬಳೆಯ ಸದ್ದೂ ಇಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಶಾಂತಕ್ಕ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದಳು.

"ವೈನಿ, ಎರಡು ಹಸಿಮೆಣಸಿನಕಾಯಿ ಇದ್ರ ಕೊಡ್ರಿ. ಹಾಂ, ಮರತಾ ಬಿಟ್ಟಿದ್ದೆ ನೋಡ್ರಿ, ನಿಮ್ಮ ಮನಿಯವರದು ಮುಂಜಾನೇನ ಫೋನ್ ಬಂದಿತ್ತು. ಮಂಜು ಭಾಳ ಐತಂತ, ವಿಮಾನ ದಿಲ್ಲಿ ಬಿಟ್ಟೇ ಇಲ್ಲಂತ. ನಾಳೆ ಹಾರತಾರಂತ."