ಹಲಗೆಯ ಮೇಲೆ ಜಯನಗರ

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಕೆಲಸವೆಂದರೆ ನಿಲ್ಲುವುದು. ಬೆಲ್ಟಿನ ಮೇಲೆ ಬರುವ ಸ್ವಿಚ್ಚುಗಳಿಗೆ ಸ್ಕ್ರೂ ಹಾಕುತ್ತಾ ಶಿಫ್ಟು ಮುಗಿಯುವವರೆಗೂ ಒಂದೇ ಕಡೆ. ಬೈರಮಂಗಲದ ಹತ್ತಿರ ನಮ್ಮ ಹೊಲದ ಬದುಗಳ ಮೇಲೆ ಓಡಾಡಿ ಬೆಳೆದವಳು ನಾನು. ರೂಮಿಗೆ ಬಂದು ಮಲಗಿದರೂ ಕಾಲು ಸುಮ್ಮನಿರುತ್ತಿರಲಿಲ್ಲ. ‘ಚಾಪೆ ಹರಿದೋಯ್ತದೆ ಕಣೆ, ಒಸಿ ತೆಪ್ಪಗೆ ಮಲಗು’ ಅಂತ ಕನಕಪುರದ ಗೆಳತಿ ಬೈಯುತ್ತಿದ್ದಳು. ನಮ್ಮಿಬ್ಬರದೂ ಒಂದೇ ಲೈನು, ಒಂದೇ ರೂಮು.

ಸ್ಕೇಟ್‌ಬೋರ್ಡು ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಹಳೇ ಫ್ಯಾನುಗಳ ಅಡಿಯಲ್ಲಿ. ಚಕ್ರದ ಹಲಗೆಯ ಮೇಲೆ ನಿಂತು ಓಡಿಸುವುದನ್ನು ಟಿವಿಯಲ್ಲಿ ನೋಡಿದ್ದರಿಂದ ಗುರುತು ಹಿಡಿದೆ. ಅಂಗಡಿಯವರು ಚಕ್ರಗಳಿಗೆ ಎಣ್ಣೆ ಬಿಟ್ಟು, ತಿರುಗಿಸಿ ನೋಡಿ ಕೊಟ್ಟರು. ಭಾನುವಾರ ಕಾರ್ಖಾನೆಗಳಿಗೆ ರಜಾ. ಹೊಸದಾಗಿ ಹಾಕಿದ ಅಗಲ ರಸ್ತೆಗಳಲ್ಲಿ ನಾಯಿಗಳು ಬಿಟ್ಟರೆ ಯಾರೂ ಇಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದು, ಗೆಳತಿಯ ಕೈ ಹಿಡಿದು, ಬಿದ್ದು ಎದ್ದು ಕಲಿತೆ. ಕಲಿತ ಮೇಲೆ ಆ ರಸ್ತೆಗಳು ಸಾಲದಾದವು. ಎತ್ತ ಹೋದರೂ ಕೊನೆಗೊಂದು ಗೇಟು.

ಒಂದು ಭಾನುವಾರ ಬೋರ್ಡನ್ನು ಅಕ್ಕಿ ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಬೆಂಗಳೂರು ಬಸ್ಸು ಹತ್ತಿದೆ. ಬನಶಂಕರಿಯಲ್ಲಿ ಇಳಿದು, ಬೋರ್ಡು ಹತ್ತಿ ಜಯನಗರದ ಕಡೆ ತಿರುಗಿದೆ. ಮರದ ನೆರಳಿನ ಅಡ್ಡರಸ್ತೆ ಮುಗಿದರೆ ಇನ್ನೊಂದು, ಒಂದು ಬ್ಲಾಕ್ ದಾಟಿದರೆ ಮತ್ತೊಂದು. ಹಾಲಿನ ಬೂತು, ಸೊಪ್ಪಿನ ಗಾಡಿ, ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು, ಎಲ್ಲ ಹಿಂದೆ ಸರಿದವು. ಒಂದು ಕಟ್ಟಡದ ಸೆಕ್ಯುರಿಟಿ ಲಾಠಿ ಎತ್ತಿಕೊಂಡು ಬರುವಷ್ಟರಲ್ಲಿ ನಾನು ಮೂಲೆ ತಿರುಗಿದ್ದೆ. ನಿಂತು ನೋಡುವಂಥ ಜಾಗಗಳೂ ಇದ್ದವು. ಆದರೆ ಮುಂದಿನ ತಿರುವಿನಲ್ಲಿ ಏನಿದೆಯೋ ಅನ್ನುವ ಆತುರ ನಿಲ್ಲಲು ಬಿಡಲಿಲ್ಲ.

ಮಾರ್ಕೆಟ್ಟಿನ ಹತ್ತಿರ ಚಪ್ಪಡಿ ಸಂದಿಗೆ ಚಕ್ರ ಸಿಕ್ಕಿತು. ಹೋಗಿ ಬಿದ್ದದ್ದು ಹೂವಿನ ಬುಟ್ಟಿಗಳ ನಡುವೆ. ಸೇವಂತಿಗೆ ರಸ್ತೆಗೆಲ್ಲ ಚೆಲ್ಲಿತು.

‘ಕಣ್ಣು ಕಾಣಾಕಿಲ್ವೇನವ್ವಾ? ಯಾವೂರು ನಿಂದು?’ ಹೂವಿನವಳು ರೇಗಿದಳು.

‘ಬೈರಮಂಗಲದ ತಾವ ಕಣಕ್ಕಾ.’

‘ಅಯ್ಯೋ, ನಾನು ಮಾಗಡಿ ಕಡೆ ಕೆಂಪಾಪುರದೋಳು!’ ದನಿ ಇಳಿಯಿತು. ಹೂವಿಗೆ ಚಿಮುಕಿಸುವ ನೀರಿನಲ್ಲಿ ನನ್ನ ಮೊಣಕಾಲು ತೊಳೆದಳು. ನಾನು ಕೈಗೆ ಸಿಕ್ಕಷ್ಟು ಹೂವು ಬಾಚಿ ಬುಟ್ಟಿಗೆ ಹಾಕಿದೆ.

‘ಇದ್ರ ಮ್ಯಾಲೆ ನಿಂತ್ಕಂಡು ಎತ್ಲಾಗೆ ಹೊಂಟಿದ್ದೆ?’

‘ಎತ್ಲಾಗೂ ಇಲ್ಲ ಕಣಕ್ಕಾ. ಸುಮ್ನೆ.’

ಅವಳು ನನ್ನನ್ನೇ ನೋಡಿದಳು. ‘ನಾನು ಬೆಳಿಗ್ಗಿಂದ ಸಂಜೆಗಂಟ ಕುಂತಲ್ಲೇ ಕುಂತಿರ್ತೀನಿ. ಎಲ್ಲಿ, ಇನ್ನೊಂದ್ ಕಿತ ಓಡ್ಸು, ನೋಡಾನ.’

ಮೊಣಕಾಲು ಉರಿಯುತ್ತಿತ್ತು. ಆದರೂ ಹತ್ತಿದೆ. ಹೂವಿನವರ ಸಾಲಿಗೆ ಸಾಲೇ ಎದ್ದು ನಿಂತು ನೋಡಿತು.

ಸೋಮವಾರ ಕುಂಟುತ್ತಾ ಕೆಲಸಕ್ಕೆ ಹೋದೆ. ಸೂಪರ್‌ವೈಸರ್ ಏನಾಯಿತು ಅಂದಾಗ ಬಾಯಿಗೆ ಬಂದದ್ದೇ ಬೇರೆ: ‘ಸಾರ್, ಒಂದೇ ಕಡೆ ನಿಲ್ಲೋಕೆ ನನ್ ಕೈಲಾಗಲ್ಲ. ಸ್ಟೋರ್ಸಿಗೆ ಹಾಕಿ.’

‘ಕಾಲು ನೋಯಿಸ್ಕೊಂಡು ಬಂದು ಓಡಾಡೋ ಕೆಲಸ ಕೇಳ್ತೀಯಲ್ಲಮ್ಮ!’ ಅವರು ನಕ್ಕುಬಿಟ್ಟರು. ಗಾಯ ಮಾಯುವ ಹೊತ್ತಿಗೆ ಸ್ಟೋರ್ಸಿಗೇ ಹಾಕಿದರು. ಆ ಶೆಡ್ಡಿನಿಂದ ಈ ಶೆಡ್ಡಿಗೆ ಟ್ರಾಲಿ ತಳ್ಳುವುದು.

ಹಾಗಂತ ಕಾಲು ಸುಮ್ಮನಾಗಲಿಲ್ಲ. ಭಾನುವಾರಗಳಲ್ಲಿ ಬಸವನಗುಡಿ, ಚಾಮರಾಜಪೇಟೆ ಸುತ್ತಿದೆ. ಒಮ್ಮೆ ಗೆಳತಿಯೂ ಬಂದಳು. ಲಾಲ್‌ಬಾಗಿನ ಪಕ್ಕದ ಇಳಿಜಾರಿನಲ್ಲಿ ಬೋರ್ಡು ಹತ್ತಿ, ಸ್ವಲ್ಪ ದೂರ ನನ್ನ ಕೈ ಹಿಡಿದಿದ್ದವಳು ‘ಬುಡೇ ಕೈಯ!’ ಅಂತ ಕಿರುಚಿದಳು. ಬಿಟ್ಟೆ. ಅವಳ ಹಿಂದೆ ನಗುತ್ತಾ ಓಡಿದೆ.